ಬಾಣಂತಿಯ ಕುರ್ಚಿ

ನನ್ನ ಅಕ್ಕನನ್ನು ಕೊಟ್ಟಿದ್ದು ಕುರ್ಚಿ ಮಾಡುವವರ ಮನೆಗೆ. ಕೆಳಗೆ ಅಂಗಡಿ, ಮೇಲೆ ಮನೆ. ಅವಳ ಮಾವನ ಲೆಕ್ಕದಲ್ಲಿ ಮನುಷ್ಯರಲ್ಲಿ ಎರಡೇ ಜಾತಿ: ನೆಟ್ಟಗೆ ಕೂರುವವರು ಮತ್ತು ಕೆಲಸಕ್ಕೆ ಬಾರದವರು. ಅಕ್ಕ ಮೊದಲು ಅವರ ಅಂಗಡಿಯಲ್ಲೇ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದಳು. ದಿನವಿಡೀ ಕೂತರೂ ಬಾಗದ ಅವಳ ಬೆನ್ನನ್ನು ಮೆಚ್ಚಿ ಮಾವ ಅವಳನ್ನು ಸೊಸೆ ಮಾಡಿಕೊಂಡರು. ಭಾವನನ್ನು ಒಂದು ಮಾತು ಕೇಳಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಅನುಮಾನ.

ಆ ಮನೆಯಲ್ಲಿ ಹಗಲು ಹೊತ್ತು ಮಲಗಬೇಕಾದರೆ ಜ್ವರವಾದರೂ ಬಂದಿರಬೇಕು, ಅದೂ ಎಲ್ಲರೂ ಹಣೆ ಮುಟ್ಟಿ ನೋಡಿ ಒಪ್ಪಿದ ಜ್ವರ. ಇಂಥ ಮನೆಯಲ್ಲಿ ಅಕ್ಕ ಹೆತ್ತಳು. ಹೆರಿಗೆ ಕಷ್ಟವಾಗಿ ಹೊಲಿಗೆ ಹಾಕಬೇಕಾಯಿತು. ಕಂಡವರೆಲ್ಲ ಹಾಯಾಗಿ ಕೂರಲೆಂದು ಬೆತ್ತ ಹೆಣೆದವಳು ತಾನೇ ಕೂರಲಾರದೆ ಹೋದಳು.

ಆಸ್ಪತ್ರೆಯ ನರ್ಸ್ ಅವಳಿಗೆ ಪಕ್ಕಕ್ಕೆ ತಿರುಗಿ ಮಲಗಿ ಹಾಲು ಕೊಡುವುದನ್ನು ಹೇಳಿಕೊಟ್ಟಿದ್ದರು. ಹಾಸಿಗೆ ಗಟ್ಟಿಯಾಗಿರಬೇಕು, ಮಗು ಅಮ್ಮನ ಕಡೆಗೇ ತಿರುಗಿರಬೇಕು, ಹೊಟ್ಟೆಗೆ ಹೊಟ್ಟೆ ತಾಗಬೇಕು, ಮಗುವಿನ ಮುಖದ ಹತ್ತಿರ ದಿಂಬು ಹೊದಿಕೆ ಏನೂ ಇರಬಾರದು, ನಿದ್ದೆ ಬರುವಂತಿದ್ದರೆ ಮಗುವನ್ನು ಬೇರೆಯವರ ಕೈಗೆ ಕೊಡಬೇಕು. ಅಲ್ಲಿದ್ದಷ್ಟು ದಿನ ಮಗು ಗಟಗಟ ಕುಡಿಯಿತು.

ಮನೆಗೆ ಬಂದ ಮೇಲೆ ಕಥೆಯೇ ಬೇರೆ. ನಮಗೆ ಅಮ್ಮ ಇಲ್ಲ, ಹಾಗಾಗಿ ಅಕ್ಕನ ಜೊತೆಗಿರಲು ನಾನು ಹೋಗಿದ್ದೆ. ಅಕ್ಕ ಮಲಗಿ ಮಗುವನ್ನು ಹತ್ತಿರ ಎಳೆದುಕೊಂಡಿದ್ದೇ ತಡ, ಅವಳ ಅತ್ತೆ ಬಾಗಿಲಲ್ಲಿ ಹಾಜರ್. ಮಲಗಿ ಕೊಟ್ಟರೆ ಹಾಲು ಕಿವಿಗೆ ಹೋಗುತ್ತದಂತೆ. ಮಗು ಸೋಮಾರಿಯಾಗುತ್ತದಂತೆ. ತಾವು ಮೂರೂ ಮಕ್ಕಳಿಗೆ ಕೂತೇ ಕೊಟ್ಟಿದ್ದಂತೆ. ಆ ಮೂವರಲ್ಲಿ ಒಬ್ಬರಾದ ಭಾವ ಅಷ್ಟು ಹೊತ್ತೂ ಗೋಡೆಗೆ ಒರಗಿ ಆಕಳಿಸುತ್ತಿದ್ದರು.

ಅಕ್ಕ ಹಲ್ಲು ಕಚ್ಚಿಕೊಂಡು ಕೂತಳು. ನೋವಿಗೆ ಅವಳ ಮೈ ಬಿಗಿದುಕೊಳ್ಳುತ್ತಿತ್ತು. ಮಗು ನಾಲ್ಕು ಗುಟುಕು ಕುಡಿದು ಅಳುತ್ತಿತ್ತು, ಅದರ ಜೊತೆ ಇವಳೂ ಅಳುತ್ತಿದ್ದಳು. ಮಗುವಿನ ತೂಕ ನೋಡಿ ಡಾಕ್ಟರು ಮುಖ ಗಂಟಿಕ್ಕಿದರು. ಮುಂದಿನ ವಾರವೂ ಹೀಗೇ ಇದ್ದರೆ ಡಬ್ಬಿ ಹಾಲು ಶುರು ಮಾಡಬೇಕಾಗುತ್ತದೆ ಎಂದರು. ಅತ್ತೆ ಅಂದೇ ಸಂಜೆ ಬಾಟಲಿ ತಂದು ಅಡುಗೆಮನೆಯ ಕಪಾಟಿನಲ್ಲಿಟ್ಟರು. ನೀರು ಕುಡಿಯಲು ಹೋದಾಗಲೆಲ್ಲ ಅದು ಅಕ್ಕನ ಕಣ್ಣಿಗೆ ಬೀಳುತ್ತಿತ್ತು. ತನ್ನ ಹಾಲು ಬತ್ತಿಹೋಗುತ್ತದೆಂದು ಅವಳು ಹೆದರಿ ಹಣ್ಣಾಗಿದ್ದಳು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಮಾವನ ಪ್ರಕಾರ ತಪ್ಪು ಅಕ್ಕನದಲ್ಲ, ಮಗುವಿನದೂ ಅಲ್ಲ. ಸರಿಯಾದ ಕುರ್ಚಿ ಇಲ್ಲದಿರುವುದೇ ತಪ್ಪು. ಎರಡು ದಿನ ಅಂಗಡಿಯಲ್ಲಿ ಸುತ್ತಿಗೆ ಸದ್ದು ಮಾಡಿ ಬಾಣಂತಿಯ ಕುರ್ಚಿಯನ್ನು ಮೇಲೆ ತಂದೇಬಿಟ್ಟರು: ಎತ್ತರದ ಬೆನ್ನು, ಅಗಲವಾದ ಕೈಗಳು, ಗಟ್ಟಿ ಮರ. ಅಕ್ಕ ಕೂತಳು, ಕಣ್ಣಲ್ಲಿ ನೀರು ಬಂತು. ಮಾವ ಕುರ್ಚಿಯನ್ನು ಕೆಳಗೆ ಒಯ್ದು ಬೆನ್ನನ್ನು ಒಂದು ಗೇಣು ಹಿಂದಕ್ಕೆ ವಾಲಿಸಿ ತಂದರು. ನೋವು ಒಂದು ಚೂರು ಕಡಿಮೆಯಾಯಿತು. ಅಷ್ಟು ಸಾಕಾಯಿತು ಮಾವನಿಗೆ, ಹುರುಪು ಬಂದುಬಿಟ್ಟಿತು. ಮತ್ತೆ ವಾಲಿಸಿದರು. ಕಾಲು ಜೋತುಬೀಳುತ್ತದೆಂದು ಮುಂದಕ್ಕೊಂದು ಹಲಗೆ ಸೇರಿಸಿದರು. ಹಲಗೆ ತಗ್ಗಾಯಿತೆಂದು ಅದನ್ನು ಸೀಟಿನ ಮಟ್ಟಕ್ಕೆ ಎತ್ತಿದರು. ಕೂರುವ ಜಾಗ ಸಾಲದೆಂದು ಅಗಲ ಮಾಡಿದರು. ಭಾವನ ಪಾಲಿಗೆ ಬಂದದ್ದು ಅದನ್ನು ಮೆಟ್ಟಿಲು ಹತ್ತಿಸುವ, ಇಳಿಸುವ ಕೆಲಸ. ಒಂದೊಂದು ಸಲ ಮೇಲೆ ಬಂದಾಗಲೂ ಕುರ್ಚಿ ಇನ್ನಷ್ಟು ಉದ್ದ, ಇನ್ನಷ್ಟು ಚಪ್ಪಟೆ.

ಕೊನೆಗೆ ಬಂದದ್ದನ್ನು ನೋಡಿ ನಗು ತಡೆಯಲಾಗದೆ ನಾನು ಬಾಯಿ ಮುಚ್ಚಿಕೊಂಡೆ. ಆ ಎರಡು ಕೈಗಳನ್ನು ಬಿಟ್ಟರೆ ಅದು ಸಾಕ್ಷಾತ್ ಮಂಚ.

"ಮಾವ, ಇದು ಮಂಚ ಅಲ್ವಾ?" ಎಂದೆ.

"ಕುರ್ಚಿನೇ," ಎಂದರು ಮಾವ. "ಬೆನ್ನು ಸ್ವಲ್ಪ ಹಿಂದಕ್ಕೆ ಹೋಗಿದೆ, ಅಷ್ಟೆ."

ಯಜಮಾನರೇ ಕುರ್ಚಿ ಎಂದ ಮೇಲೆ ಅತ್ತೆಯೂ ಉಸಿರೆತ್ತುವಂತಿಲ್ಲ. ಅಕ್ಕ ಅದರ ಮೇಲೆ ಒರಗಿ ಪಕ್ಕಕ್ಕೆ ತಿರುಗಿದಳು. ಮಂಡಿ ಮಡಚಲು ಹೋದರೆ ಕುರ್ಚಿಯ ಕೈ ಅಡ್ಡ ಬಂತು. ಮಾವ ಅವಳನ್ನು ಎಬ್ಬಿಸಿ, ಗರಗಸ ತಂದು ಎರಡೂ ಕೈಗಳನ್ನು ಕೊಯ್ದು ಹಾಕಿ ಹೊರಗೆ ಹೋದರು. ನಾನು ಮರದ ಪುಡಿ ಗುಡಿಸಿ, ತೆಳ್ಳನೆಯ ಹಾಸು ಹಾಸಿ, ಅಂಚಿನಲ್ಲಿ ಕಾವಲು ಕೂತೆ. ಅಕ್ಕ ಮಗುವನ್ನು ತನ್ನ ಹೊಟ್ಟೆಗೆ ತಾಗಿಸಿಕೊಂಡಳು. ಮಗು ಹುಡುಕಾಡಿ ಬಾಯಿ ಹಾಕಿತು, ಹಾಕಿದ್ದನ್ನು ಬಿಡಲಿಲ್ಲ. ಅದು ನುಂಗುವ ಸದ್ದು ನನಗೂ ಕೇಳುತ್ತಿತ್ತು. ಅಕ್ಕ ನಕ್ಕಿದ್ದನ್ನು ಆ ಮನೆಯಲ್ಲಿ ಅವತ್ತೇ ನಾನು ಮೊದಲು ನೋಡಿದ್ದು.

ಮುಂದಿನ ವಾರ ಮಗುವಿನ ತೂಕ ಏರಿತ್ತು. ಡಬ್ಬಿ ಹಾಲಿನ ಮಾತೇ ಬೇಡ ಎಂದರು ಡಾಕ್ಟರು. ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಥದ್ದೇ ಇನ್ನೊಂದನ್ನು ಮಾಡಿ ಅಂಗಡಿಯ ಮುಂದಿಡುತ್ತೇನೆ ಎಂದು ಅಳತೆ ಟೇಪು ಹಿಡಿದು ಮೇಲೆ ಬಂದರು. ಅಕ್ಕ ಸ್ನಾನಕ್ಕೆ ಹೋಗಿದ್ದಳು, ಮಗು ನನ್ನ ತೊಡೆಯ ಮೇಲಿತ್ತು. ಕುರ್ಚಿಯ ಮೇಲೆ ಅತ್ತೆ ಮಲಗಿದ್ದರು, ಪಕ್ಕಕ್ಕೆ ತಿರುಗಿ, ಮಂಡಿ ಮಡಚಿ, ಗೋಡೆಗೆ ಮುಖ ಮಾಡಿ.

ಜ್ವರ ಬಂದಿದೆಯೇ ಎಂದು ಕೇಳಿದರು ಮಾವ.

ಅತ್ತೆ ತಿರುಗಲಿಲ್ಲ. "ಮೂರು ಸಲಾನೂ ನಂಗೂ ಹೊಲಿಗೆ ಹಾಕಿದ್ರು. ಒಂದ್ಸಲಾನಾದ್ರೂ ನೀವು ಗರಗಸ ತಂದ್ರಾ?"

ಮಾವ ಕಿಟಕಿಯ ಪರದೆ ಎಳೆದು, ಬಾಗಿಲು ಮುಂದೆ ಮಾಡಿಕೊಂಡು ಕೆಳಗಿಳಿದು ಹೋದರು. ಅವತ್ತು ಸಂಜೆಯವರೆಗೂ ಅಂಗಡಿಯಿಂದ ಸುತ್ತಿಗೆಯ ಸದ್ದು ಬರಲಿಲ್ಲ.