ಕರಿ ಚೀಲದ ಗಿರಾಕಿ

ಪ್ಲಾಸ್ಟಿಕ್ ಚೀಲ ಬಂದ್ ಆಗಬೇಕೋ ಬೇಡವೋ ಎಂದು ಎಲ್ಲರೂ ವಾದ ಮಾಡುತ್ತಿದ್ದ ಕಾಲದಲ್ಲಿ, ಪುರಸಭೆಯ ಆದೇಶದಂತೆ ಹುಮನಾಬಾದಿನ ಅಂಗಡಿಗಳಿಂದ ಅವನ್ನು ಜಪ್ತಿ ಮಾಡುವುದು ನನ್ನ ನೌಕರಿ. ಬಸ್‌ಸ್ಟ್ಯಾಂಡಿನಲ್ಲಿ ಕುದಿಸಿದ ಕೋಳಿ ತತ್ತಿ ಮಾರುವವನು ಬಿಳಿ ಚೀಲಗಳನ್ನು ತಾನೇ ತೆಗೆದುಕೊಟ್ಟ. ಕರಿ ಚೀಲಗಳ ಮೇಲೆ ಮಾತ್ರ ಕೈಯಿಟ್ಟು ಕೂತ.

"ಇವು ಬಿಡ್ರಿ ಸಾಹೇಬ್ರ. ಮನ್ಯಾಗ ತತ್ತಿ ನಡೀಲಾರದ ಮಂದೀನೇ ನನ್ನ ಗಿರಾಕಿ. ಹೊರಗ ಕಾಣಬಾರದ್ರಿ."

"ಅರಿವಿ ಚೀಲದಾಗೂ ಕಾಣಂಗಿಲ್ಲಲ್ಲ?"

"ಅರಿವಿ ಚೀಲ ತಿರುಗಿ ಮನಿಗಿ ಒಯ್ಯಬೇಕಲ್ರಿ. ಒಳಗ ಸಿಪ್ಪಿ ಸಿಕ್ಕರ ಮುಗೀತು. ಇದಾದ್ರ ತಿಂದು, ಸಿಪ್ಪಿ ಸಮೇತ ದಾರ್ಯಾಗ ಒಗೀತಾರ."

ನಾನು ಕರಿ ಚೀಲಗಳಿಗೂ ಕೈ ಹಾಕುವಷ್ಟರಲ್ಲಿ ಬಸವಕಲ್ಯಾಣದ ಬಸ್ಸಿನಿಂದ ನನ್ನ ಮಾವ ಇಳಿದರು. ಮನೆಯಲ್ಲಿ ತತ್ತಿಯ ಹೆಸರೂ ಎತ್ತಗೊಡದವರು. ಪ್ಲಾಸ್ಟಿಕ್ ಬಂದ್ ಆಗಲೇಬೇಕೆಂದು ಊರ ತುಂಬ ವಾದಿಸುವವರು. ಅವರನ್ನು ಕಂಡದ್ದೇ ತತ್ತಿಯವನು ಒಂದು ಕರಿ ಚೀಲ ಊದಿ ಬಾಯಿ ಬಿಡಿಸಿದ. ಆಮೇಲೆ ಮಾವ ನನ್ನನ್ನು ಕಂಡರು.

"ಆರಾಮ್ ಅದೀರಿ, ಅಳಿಯಂದ್ರ?"

"ಆರಾಮ್ ಅದೀನ್ರಿ," ಎಂದು ಬಿಳಿ ಚೀಲಗಳನ್ನಷ್ಟೇ ಎತ್ತಿಕೊಂಡು ಹೊರಟೆ.

ಸಂಜೆ ಮನೆಯಲ್ಲಿ, ಮಾವ ಸಿಕ್ಕಿದ್ದರು ಎಂದಷ್ಟೇ ಹೇಳಿದೆ.

"ಪ್ಲಾಸ್ಟಿಕ್ ಬಂದ್ ಬಗ್ಗೆ ಅಪ್ಪಾರು ಏನಂದ್ರು?" ಎಂದಳು ಹೆಂಡತಿ.

"ಬಿಳೀವು ಬಂದ್ ಆಗಬೇಕಂತ," ಎಂದೆ.