ಮೂಗಿನಕ್ಕನ ಮೊಹರು

ಸೋಪಿನ ಕಾರ್ಖಾನೆಯಲ್ಲಿ ಅವಳಿಗೆ ಮೂಗಿನಕ್ಕ ಎಂದೇ ಹೆಸರು. ಇಪ್ಪತ್ತೆರಡು ವರ್ಷಗಳಿಂದ ಅವಳದು ಒಂದೇ ಕೆಲಸ. ಆಯಾ ದಿನದ ಸೋಪನ್ನು ಮೂಸಿ, ಸರಿಯಿದ್ದರೆ ಚೀಟಿಗೆ ಮೊಹರು ಒತ್ತುವುದು. ಮೊಹರಿಲ್ಲದೆ ಲಾರಿ ಗೇಟು ದಾಟುವಂತಿಲ್ಲ.

ಅದು ಯಜಮಾನಿ ಮಾಡಿದ ಕಟ್ಟಳೆ. ಅಡುಗೆಮನೆಯ ಒಂದು ಬಾಣಲೆಯಿಂದ ಶುರುಮಾಡಿ ನಾನೂರು ಜನಕ್ಕೆ ಕೆಲಸ ಕೊಟ್ಟವರು. "ಅಜ್ಜಿ ಕಾಲದ ವಾಸನೇನೇ ಮೊಮ್ಮಗಳಿಗೂ ಬರಬೇಕು. ಒಂದು ಸಲ ತಪ್ಪಿದರೆ ಪಕ್ಕದ ಸೋಪಿಗೆ ಕೈ ಹೋಗುತ್ತೆ, ಹೋದ ಕೈ ವಾಪಸ್ ಬರಲ್ಲ" ಎನ್ನುತ್ತಿದ್ದರು. ಪೇಪರಿನಲ್ಲಿ ಬಂದ ಅವರ ಫೋಟೋ ಮೂಗಿನಕ್ಕನ ಬೀರುವಿನ ಬಾಗಿಲ ಮೇಲಿತ್ತು. ಗಂಡನ ಫೋಟೋ ಒಳಗಿತ್ತು.

ಮೂರು ವಾರದ ಹಿಂದೆ ಬಂದ ಜ್ವರ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಹೊತ್ತೊಯ್ದಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಗಂಡನದು ಮೊದಲೇ ಹೋಗಿತ್ತು. ದಿನವೂ ಸೋಪನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, 'ಹ್ಞೂಂ' ಎಂದು ತಲೆದೂಗಿ ಮೊಹರು ಒತ್ತುತ್ತ ಬಂದಳು.

ಆ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಅತ್ತೆ ತಡೆದರು.

"ನಿಲ್ಲೇ. ನಿನ್ನೆ ಬಂದಾಗ ನಿನ್ನ ಬಟ್ಟೆ ಬೇರೆ ಥರ ನಾರ್ತಿತ್ತು. ಸೋಪು ಬದಲಾಯಿಸಿದ್ರಾ?"

"ಇಲ್ವಲ್ಲ ಅತ್ತೆ."

"ನನ್ನ ಮೂಗು ಸುಳ್ಳು ಹೇಳುತ್ತಾ? ಮೊನ್ನೆ ಹಾಲು ಸೀದು ಹೋದಾಗ ಒಲೆ ಮುಂದೆ ನಿಂತಿದ್ದ ನಿಂಗೆ ಗೊತ್ತಾಗ್ಲಿಲ್ಲ, ಬೀದಿ ಬಾಗಿಲಲ್ಲಿದ್ದ ನಂಗೆ ಗೊತ್ತಾಯ್ತು."

ಮೂಗಿನಕ್ಕನಿಗೆ ಥಟ್ಟನೆ ನೆನಪಾಯಿತು. ನಿನ್ನೆಯೇ ಸುಗಂಧದ ಎಣ್ಣೆಯ ಹೊಸ ಡ್ರಮ್ಮು ತೆರೆದಿದ್ದರು. ಹಗಲೆಲ್ಲ ಆ ಘಮದಲ್ಲೇ ಮುಳುಗಿರುವ ಕೆಲಸಗಾರರ ಮೂಗು ಮರಗಟ್ಟಿರುತ್ತದೆ, ಅವರಿಗೇನು ತಿಳಿದೀತು? ಚೀಟಿಗೆ ಬಿದ್ದಿದ್ದು ಅವಳ ಮೊಹರು.

ಓಡಿದಳು. ಲಾರಿ ಆಗಲೇ ಗೇಟಿನ ಕಡೆ ತಿರುಗಿತ್ತು. ಅಡ್ಡ ನಿಂತಳು.

"ಅಕ್ಕಾ, ನಿನ್ನೆ ನೀನೇ ಒತ್ತಿದ್ದಲ್ವಾ? ಇವತ್ತೇನಿದು ನಾಟಕ?" ಮೇಸ್ತ್ರಿ ಕೂಗಿದ. "ಪಕ್ಕಕ್ಕೆ ಬಾ!"

"ಬರಲ್ಲ. ಬೇಕಾದ್ರೆ ನನ್ನ ಮೇಲೇ ಹತ್ತಿಸು."

ಅಷ್ಟರಲ್ಲಿ ಯಜಮಾನಿಯ ಕಾರು ಬಂದು ನಿಂತಿತು. ಅವರು ಇಳಿದು ಲಾರಿಯನ್ನೂ ಅವಳನ್ನೂ ನೋಡಿದರು. ಬೈದಿದ್ದರೇ ವಾಸಿಯಿತ್ತು.

"ಅಮ್ಮಾ, ಮೂರು ವಾರದಿಂದ ನಂಗೆ ವಾಸನೆ ತಿಳೀತಿಲ್ಲ. ಸುಮ್ಮನೆ ಒತ್ತಿದೆ. ನಿನ್ನೆ ಹೊಸ ಡ್ರಮ್ಮಿನ ಎಣ್ಣೆ ಹಾಕಿದ ಸೋಪು ಬೇರೆ ಥರ ನಾರುತ್ತಂತೆ."

ಡ್ರೈವರು ಎಂಜಿನ್ ಆರಿಸಿದ. ಯಜಮಾನಿ ಪೆಟ್ಟಿಗೆಯಿಂದ ಒಂದು ಸೋಪು ತೆಗೆಸಿ, ಮುರಿದು ಮೂಸಿದರು. ಇನ್ನೊಂದು ತುಂಡನ್ನೂ ಮೂಸಿದರು.

"ಎಲ್ಲಾ ಇಳಿಸಿ. ಆ ಡ್ರಮ್ಮು ವಾಪಸ್ ಹೋಗಲಿ. ಮೂರು ವಾರದ ಮಾಲಿನಲ್ಲಿ ದಿನಕ್ಕೊಂದು ಸೋಪು ನನ್ನ ಮೇಜಿಗೆ ಬರಲಿ." ಆಮೇಲೆ ಕೈಚಾಚಿದರು. "ಮೊಹರು ಕೊಡು."

ಅದರ ಮರದ ಹಿಡಿ ಅವಳ ಬೆರಳಿನ ಅಚ್ಚಿಗೇ ಸವೆದಿತ್ತು. ಕೊಟ್ಟಳು.

"ನಿಂಗೆ ತಿಳೀದೇ ಇದ್ದಿದ್ದು ಮತ್ಯಾರಿಗೆ ತಿಳೀತು?"

"ನಮ್ಮತ್ತೆಗೆ."

"ಅವರು ಏನು ಕೆಲಸ ಮಾಡ್ತಾರೆ?"

"ನನ್ನ ತಪ್ಪು ಹುಡುಕ್ತಾರಮ್ಮ."

ಮೇಸ್ತ್ರಿ ನಗು ನುಂಗಿಕೊಂಡ. ಯಜಮಾನಿ ನಗಲಿಲ್ಲ. "ಅದಕ್ಕೇ ಸಂಬಳ ಕೊಡ್ತೀನಿ ಅಂತ ಹೇಳು. ನಿನ್ನ ಮೂಗು ಸರಿಹೋಗೋವರೆಗೂ ನೀನು ಅವರ ಮುಂದೆ ಸೋಪಿನ ತಟ್ಟೆ ಹಿಡಿ. ಇನ್ನೊಂದ್ಸಲ ಮುಚ್ಚಿಟ್ಟರೆ ತಟ್ಟೇನೂ ಇಲ್ಲ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಅತ್ತೆಗೆ ಎರಡನೇ ಸಲವೂ ಬಂತು. ಸೋಮವಾರ ಕುರ್ಚಿಯಲ್ಲಿ ಕೂತು, ಸೊಸೆ ನೀಡಿದ ತಟ್ಟೆಗೆ ಮೂಗು ಬಗ್ಗಿಸಿ ಮುಖ ಹಿಂಡಿದರು.

ಮೂಗಿನಕ್ಕ ಬಗ್ಗಿ ಕೇಳಿದಳು. "ಸೋಪು ಸರಿಯಿಲ್ವಾ ಅತ್ತೆ?"

"ಸೋಪು ಸರಿಯಾಗೇ ಇದೆ," ಎನ್ನುತ್ತ ಮೊಹರು ಒತ್ತಿದರು. "ಈ ತಟ್ಟೆ ತೊಳೆದೋರು ಯಾರು?"