ಚಿಕ್ಕಬೈರಪ್ಪನವರ ಪಾಲಿನ ನೀರು

ಬಾಗಲಗುಂಟೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಚಿಕ್ಕಬೈರಪ್ಪನವರು. ಅವರ ನಡುಮನೆಗೂ ನಮ್ಮ ಕೋಣೆಗೂ ಒಂದೇ ಗೋಡೆ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಆ ಗೋಡೆಯ ಪಕ್ಕ ಕೂತು ಊದುಬತ್ತಿ ಹೊಸೆಯುತ್ತಿದ್ದೆ. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ನಾನೇ ಕೇಳಿದ್ದು, ಕಂಡದ್ದು. ಉಳಿದದ್ದನ್ನು ಅವರ ಹೆಂಡತಿ ವೆಂಕಟಮ್ಮನವರು ಹೇಳಿದರು.

ಚಿಕ್ಕಬೈರಪ್ಪನವರಿಗೆ ನಾಗಸಂದ್ರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇತ್ತು. ಬೋರ್‌ವೆಲ್ಲಿನಿಂದ ಎತ್ತಿ ತಂದ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಸಿ ಕೊಡುತ್ತಿದ್ದರು. ಗಿರಾಕಿಗಳನ್ನು ಬೈಯುವುದರಲ್ಲಿ ಅವರಿಗೆ ಹೆಸರಿತ್ತು. "ಬೋರು ಬತ್ತೈತೆ ಅಂತ ಗೊತ್ತಿದ್ರೂ ಸ್ವಿಚ್ ಹಾಕ್ಬುಟ್ಟು ಮಲ್ಗವ್ನೆ ನೋಡು! ಮೋಟ್ರು ಏನನ್ನ ಎಳೀಬೇಕಯ್ಯ, ನಿನ್ ತಲೇನಾ?" ಬೈಸಿಕೊಂಡವರು ನಗುತ್ತ ಮತ್ತೆ ಅಲ್ಲಿಗೇ ಬರುತ್ತಿದ್ದರು.

ವಯಸ್ಸು ಐವತ್ತೈದಾಗುವ ಹೊತ್ತಿಗೆ ಅವರ ಹೃದಯ ಸೋತಿತ್ತು. ಕುಡಿದ ನೀರು ಕಾಲಲ್ಲಿ ನಿಲ್ಲುತ್ತಿತ್ತು, ಎದೆಯಲ್ಲಿ ನಿಲ್ಲುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ನೀರು ಅಳತೆ ಮೀರಬಾರದು ಎಂದು ಡಾಕ್ಟರು ಹೇಳಿದ ದಿನದಿಂದ ವೆಂಕಟಮ್ಮನವರು ಒಂದು ಬಾಟಲಿ ಇಟ್ಟರು. ಬೆಳಿಗ್ಗೆ ತುಂಬಿಸಿದರೆ ದಿನಕ್ಕೆಲ್ಲ ಅದೇ. ಗಂಡ ಕಾಫಿ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ತುಳಸಿ ಗಿಡಕ್ಕೆ ಸುರಿಯುತ್ತಿದ್ದರು. ಮುದ್ದೆಗೆ ಸಾರು ಗಟ್ಟಿಯಾಗಿಯೇ ಇರಬೇಕು. ಗಂಡ ಬಾಯಿ ಮುಕ್ಕಳಿಸುವಾಗ ಎದುರಿಗೆ ನಿಂತಿರುತ್ತಿದ್ದರು.

"ಉಗೀ. ನಾನು ನೋಡ್ಬೇಕು."

"ಉಗ್ದೆ ಕಣೇ."

"ಸುಳ್ಳು. ಗಂಟ್ಲು ಆಡ್ತು."

ಟೀ ಅಂಗಡಿ ರಾಮಯ್ಯನಿಗೂ ಬಾಡಿಗೆಯವರೆಲ್ಲರಿಗೂ ವೆಂಕಟಮ್ಮನವರ ಕಟ್ಟಪ್ಪಣೆಯಾಗಿತ್ತು. "ನಮ್ಮೆಜಮಾನ್ರು ನೀರು ಕೇಳಿದ್ರೆ ಯಾರೂ ಕೊಡಂಗಿಲ್ಲ." ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸುವುದು ನಮ್ಮ ಅವ್ವ ಚನ್ನಬಸಮ್ಮನಿಗೆ ಬಹಳ ಕಷ್ಟವಾಗುತ್ತಿತ್ತು. ಚಿಕ್ಕಬೈರಪ್ಪನವರು ಬಾಡಿಗೆಗೆಂದು ಬಾಗಿಲಿಗೆ ಬಂದರೆ ಅವ್ವ ಕೊಡವನ್ನು ಸೆರಗಿನಿಂದ ಮರೆ ಮಾಡಿಕೊಂಡು ನಿಲ್ಲುತ್ತಿದ್ದಳು.

ಹೀಗೆ ನಾಲ್ಕು ವರ್ಷ ನಡೆಯಿತು. ಕೊನೆಗೆ ಔಷಧಿಯೂ ಸಾಲದಾಯಿತು. ಮಾದನಾಯಕನಹಳ್ಳಿಯ ಜಮೀನು ಮಾರಿ, ಎರಡು ಸಾವಿರದ ಹದಿನಾರರ ಚಳಿಗಾಲದಲ್ಲಿ, ಅವರ ಹೃದಯಕ್ಕೆ ಒಂದು ಪಂಪು ಕೂಡಿಸಿದರು. ಪಂಪು ಎದೆಯ ಒಳಗೆ. ಅದರಿಂದ ಒಂದು ವೈರು ಹೊಟ್ಟೆಯ ಬಲಭಾಗದಲ್ಲಿ ಹೊರಗೆ ಬಂದು, ಸೊಂಟದ ಹತ್ತಿರದ ಸಣ್ಣ ಪೆಟ್ಟಿಗೆಗೆ ಸೇರುತ್ತಿತ್ತು. ಬ್ಯಾಟರಿಗಳು ಹೆಗಲ ಚೀಲದಲ್ಲಿ. ಹೃದಯ ತಳ್ಳಲಾರದ ರಕ್ತವನ್ನು ಆ ಪಂಪು ಬಿಡುವಿಲ್ಲದೆ ತಳ್ಳುತ್ತಿತ್ತು. ಅದು ಬಡಿಯುವ ಪಂಪಲ್ಲ, ಒಂದೇ ಸಮನೆ ತಿರುಗುವ ಪಂಪು. ಆದ್ದರಿಂದ ಅವರ ಕೈಯಲ್ಲಿ ನಾಡಿ ಸಿಗುತ್ತಿರಲಿಲ್ಲ. ರಾಮಯ್ಯ ಎರಡು ಕೈಯನ್ನೂ ಹಿಡಿದು ನೋಡಿ, "ನಾಡಿ ನಿಂತೈತೆ, ಆದ್ರೂ ಬಾಡ್ಗೆ ಕೇಳಕ್ ಓಯ್ತಾನಲ್ಲಪ್ಪ ಇವ್ನು" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವರು ಚಿಕ್ಕಬೈರಪ್ಪನವರೇ.

ಆಸ್ಪತ್ರೆಯಿಂದ ಕಳಿಸುವಾಗ ಸಿಸ್ಟರ್ ಆಶಾರಾಣಿ ಎಲ್ಲವನ್ನೂ ಹೇಳಿಕೊಟ್ಟಿದ್ದರು. ಬ್ಯಾಟರಿ ಬದಲಾಯಿಸುವುದು, ವೈರಿನ ಜಾಗ ಒದ್ದೆಯಾಗದಂತೆ ಕಟ್ಟುವುದು. ಇನ್ನು ಮೇಲೆ ನೀರು ಚೆನ್ನಾಗಿ ಕುಡಿಸಬೇಕು ಎಂದೂ ಹೇಳಿದ್ದರು. ವೆಂಕಟಮ್ಮನವರು ಎಲ್ಲದಕ್ಕೂ ತಲೆಯಾಡಿಸಿದರು. ಮನೆಗೆ ಬಂದು ಎಲ್ಲವನ್ನೂ ತಪ್ಪದೆ ಮಾಡಿದರು, ಆ ಒಂದನ್ನು ಬಿಟ್ಟು. ಬಾಟಲಿ ಮೊದಲಿನಂತೆಯೇ ಬೆಳಿಗ್ಗೆ ತುಂಬುತ್ತಿತ್ತು. ಚಿಕ್ಕಬೈರಪ್ಪನವರೂ ಹೆಚ್ಚು ಕೇಳಲಿಲ್ಲ. ಅಷ್ಟರಲ್ಲಿ ಅವರಿಗೂ ನೀರೆಂದರೆ ಭಯ ಹತ್ತಿತ್ತು. ಚಳಿಗಾಲ ಹಾಗೇ ಕಳೆಯಿತು.

ಏಪ್ರಿಲ್‌ನಲ್ಲಿ ಅವರು ಅಂಗಡಿಗೆ ಹೋಗಿ ಕೂರಲು ಶುರು ಮಾಡಿದರು. ತಗಡಿನ ಸೂರು, ಒಳಗೆ ತಂತಿಗೆ ಬಳಿದ ವಾರ್ನಿಷ್ ಒಣಗಿಸುವ ಒಲೆ. ಒಂದು ಮಧ್ಯಾಹ್ನ ಮನೆಗೆ ಬಂದು, ಬಾಟಲಿಯನ್ನು ಎತ್ತಿ ಹೆಂಡತಿಗೆ ತೋರಿಸಿದರಂತೆ. ಅರ್ಧ ಉಳಿದಿತ್ತು. "ನೋಡು, ಇಷ್ಟು ಉಳಿಸ್ಕೊಂಡ್ ಬಂದಿವ್ನಿ." ವೆಂಕಟಮ್ಮನವರಿಗೂ ಸಮಾಧಾನವಾಯಿತಂತೆ.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಕೀಂ ಕೀಂ ಎಂದು ಸದ್ದು ಶುರುವಾಯಿತು. ನಿಲ್ಲಲಿಲ್ಲ. ಅವ್ವನೂ ನಾನೂ ಓಡಿಹೋದೆವು. ಅವರು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ತುಟಿ ಬಿಳಿಚಿತ್ತು. ಪೆಟ್ಟಿಗೆಯ ಮೇಲೆ ಕೆಂಪು ದೀಪ. ಮೋಟಾರುಗಳ ಮೇಲಿನ ಬರಹ ಓದಿ ಓದಿ ಇಂಗ್ಲಿಷ್ ಅಕ್ಷರ ಬಲ್ಲ ಅವರು ಕಣ್ಣು ಕಿರಿದು ಮಾಡಿ ಓದಿದರು. "ಲೋ ಫ್ಲೋ ಅಂತ ಬರ್ತಾ ಐತೆ. ಹರಿಯೋದು ಕಮ್ಮಿಯಾಗೈತಂತೆ."

ವೆಂಕಟಮ್ಮನವರು ಆಗಲೇ ಆಶಾರಾಣಿಯವರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮಂಚದ ಮೇಲೆ ಇಟ್ಟಿದ್ದರು.

"ಮಾತಾಡ್ತಿದ್ದಾರಾ ಅಮ್ಮ?"

"ಮಾತಾಡ್ತಾವ್ರೆ. ತಲೆ ಸುತ್ತದೆ ಅಂತಾವ್ರೆ."

"ಎರಡು ಬ್ಯಾಟರಿನೂ ಸರಿಯಾಗಿ ಕೂತಿದೆಯಾ? ವೈರು ಎಲ್ಲಾದ್ರೂ ಮಡಚಿದೆಯಾ, ನೋಡಿ."

"ಎಲ್ಲಾ ಸರಿಯಾಗೈತೆ ಮೇಡಂ."

"ಇವತ್ತು ಎಷ್ಟು ನೀರು ಕುಡಿದಿದ್ದಾರೆ?"

ವೆಂಕಟಮ್ಮನವರು ಬಾಟಲಿಯನ್ನು ಫೋನಿಗೆ ತೋರಿಸುವವರಂತೆ ಎತ್ತಿ ಹಿಡಿದರು. "ಅರ್ಧ ಬಾಟ್ಲಿನೂ ಇಲ್ಲ ಮೇಡಂ. ಜಾಸ್ತಿ ಒಂದು ಗುಟುಕೂ ಕೊಟ್ಟಿಲ್ಲ ನಾನು."

ಆಶಾರಾಣಿಯವರು, "ಅಮ್ಮ, ಈಗಲೇ ಕುಡಿಸಿ. ಮೈಯಲ್ಲಿ ನೀರಿನಂಶ ಇಲ್ಲ, ಪಂಪಿಗೆ ಬೇಕಾದಷ್ಟು ರಕ್ತ ಸಿಗ್ತಿಲ್ಲ. ಕುಡಿಸ್ತಾ ಇರಿ, ಆಂಬುಲೆನ್ಸ್ ಕಳಿಸ್ತೀನಿ" ಎಂದರು.

ವೆಂಕಟಮ್ಮನವರು ಅಲ್ಲಾಡಲಿಲ್ಲ. "ನೀರು ಕೊಟ್ರೆ ಊದ್ಕೊಂಬುಡ್ತಾರೆ. ನೀವು ನೋಡಿಲ್ಲ, ನಾನು ನೋಡಿವ್ನಿ. ಉಸಿರು ಸಿಗ್ದೆ ಎದ್ದು ಕೂತ್ಕೊಂಡಿದ್ದು ನಾನು ನೋಡಿವ್ನಿ."

"ಡಾಕ್ಟರ್ ಮಂದಿನ ಹೇಳಾಕತ್ತಾರಲ್ರಿ ಯಕ್ಕಾ, ಕೊಡ್ರೀ" ಎಂದು ಅವ್ವ ಅಳುದನಿಯಲ್ಲಿ ಹೇಳಿದಳು. ವೆಂಕಟಮ್ಮನವರು ಬಾಟಲಿಯನ್ನು ಎದೆಗೆ ಗಟ್ಟಿಯಾಗಿ ಒತ್ತಿಕೊಂಡರು. ಸದ್ದು ಹೊಡೆದುಕೊಳ್ಳುತ್ತಲೇ ಇತ್ತು.

ಚಿಕ್ಕಬೈರಪ್ಪನವರು ಕಣ್ಣು ಮುಚ್ಚಿಯೇ ಮಾತಾಡಿದರು. ಗಿರಾಕಿಗಳನ್ನು ಬೈಯುವ ಆ ದೊಡ್ಡ ದನಿ ಅದಾಗಿರಲಿಲ್ಲ.

"ಏ ವೆಂಕ್ಟಿ. ಬೋರಲ್ಲಿ ನೀರಿಲ್ಲ ಕಣೇ. ಮೋಟ್ರು ಬರೀ ಗಾಳಿ ಎಳೀತಾ ಐತೆ."

ವೆಂಕಟಮ್ಮನವರು ಗಂಡನ ಮುಖ ನೋಡಿದರು. ಸುಟ್ಟು ಕರಕಲಾದ ಮೋಟಾರುಗಳನ್ನು ಅಂಗಡಿಯಲ್ಲಿ ಅವರು ಎಷ್ಟು ನೋಡಿದ್ದರೋ. ತಟ್ಟನೆ ಬಾಟಲಿಯ ಮುಚ್ಚಳ ತಿರುಗಿಸಿದರು. ಅವಸರದಲ್ಲಿ ಸ್ವಲ್ಪ ನೀರು ಗಂಡನ ಅಂಗಿಯ ಮೇಲೆ ಬಿತ್ತು. "ವೈರು, ವೈರು!" ಎಂದು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂಗಿದರು. ಅವರ ಅಂಗಿಯನ್ನು ಅವ್ವ ಸೆರಗಿನಿಂದ ಒರೆಸಿದಳು. ಅವರು ಕುಡಿದರು. ಬಾಟಲಿ ಖಾಲಿಯಾಯಿತು. ವೆಂಕಟಮ್ಮನವರು ಒಳಗೆ ಓಡಿ ತಂಬಿಗೆ ತುಂಬ ತಂದರು.

ಅರ್ಧ ತಂಬಿಗೆ ಆಗುವ ಹೊತ್ತಿಗೆ ಚಿಕ್ಕಬೈರಪ್ಪನವರು ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. ನಾಲ್ಕು ವರ್ಷದ ಅಭ್ಯಾಸ.

"ನನ್ನ ಮಕ ಏನ್ ನೋಡ್ತೀಯಾ? ಕುಡಿಯಯ್ಯ!"

ಅವರು ಮತ್ತೆ ಕುಡಿದರು. ಮೊದಲು ಸದ್ದು ಬಿಟ್ಟು ಬಿಟ್ಟು ಬಂತು, ಆಮೇಲೆ ನಿಂತಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಫೋನಿನಿಂದ ಆಶಾರಾಣಿಯವರು, "ನಿಂತಿತಲ್ವಾ? ಸದ್ಯ. ಊದಿದ್ರೆ ಅದಕ್ಕೆ ಮಾತ್ರೆ ಇದೆ ಅಮ್ಮ, ನಾವು ನೋಡ್ಕೋತೀವಿ. ಮಲಗಿಸಿ, ಸಣ್ಣ ಸಣ್ಣ ಗುಟುಕು ಕೊಡ್ತಾ ಇರಿ" ಎಂದರು.

ವೆಂಕಟಮ್ಮನವರು ಮಂಚದ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟರು. "ಬಾಯಾರಿಕೆ ಅಂತ ಒಂದು ಮಾತು ಏಳಬಾರ್ದಾಗಿತ್ತಾ? ನಾನೇ ನಿನ್ನ ಒಣಗ್ಸಿ ಸಾಯಿಸ್ತಿದ್ನಲ್ಲೋ" ಎಂದು ಅತ್ತರು.

ಚಿಕ್ಕಬೈರಪ್ಪನವರು ಮಲಗಿದಲ್ಲಿಂದಲೇ ಕೈ ಚಾಚಿ ಅವರ ತಲೆಯ ಮೇಲಿಟ್ಟರು. "ಆ ನಾಲ್ಕು ವರ್ಷ ನೀನು ಇಂಗೆ ಕಾಯ್ದೆ ಇದ್ದಿದ್ರೆ ನಾನು ಎಲ್ಲಿರ್ತಿದ್ದೆ ಕಣೇ. ಪಂಪು ಕೂಡ್ಸಕ್ಕೆ ನಾನೇ ಇರ್ತಿರ್ಲಿಲ್ಲ. ಏಳು, ಎದ್ದೇಳು. ಇನ್ನೊಂದ್ ತಂಬ್ಗೆ ತಗೊಂಡ್ ಬಾ."